ಅಮೆರಿಕದ ಮನೆಪತ್ರದಲ್ಲಿ ಅಡಗಿದ ಜನಾಂಗ ಷರತ್ತು: ಹುಡುಕುವುದು, ಓದುವುದು, ತೆಗೆಸುವುದು ಹೇಗೆ

ಅಮೆರಿಕದಲ್ಲಿ ಮನೆ ಕೊಂಡವರಿಗೆ ಕ್ಲೋಸಿಂಗ್ ದಿನ, ಅಂದರೆ ಖರೀದಿ ಮುಗಿಸುವ ದಿನ, ದಪ್ಪನೆಯ ಕಾಗದದ ಕಟ್ಟು ಸಿಗುತ್ತದೆ. ಸಹಿ ಹಾಕುವಷ್ಟರಲ್ಲಿ ಕೈ ಸೋತಿರುತ್ತದೆ, ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆ ಕಟ್ಟಿನಲ್ಲೋ ಅದು ಹೆಸರಿಸುವ ಇನ್ನೊಂದು ಹಳೆಯ ಕಾಗದದಲ್ಲೋ, ಈ ನಿವೇಶನವನ್ನು ಬಿಳಿಯರಲ್ಲದವರು ಕೊಳ್ಳಕೂಡದು, ಬಾಡಿಗೆಗೆ ಹಿಡಿಯಕೂಡದು, ಇಲ್ಲಿ ವಾಸಿಸಲೂಕೂಡದು ಎಂಬ ಒಂದು ಕಲಮು ಇರಬಹುದು. ಸುಮಾರು 1910ರಿಂದ 1950ರ ನಡುವೆ ಬಡಾವಣೆಯಾದ ಜಾಗವಾದರೆ ಹುಡುಕಿ ನೋಡಲೇಬೇಕು. ಇದಕ್ಕೆ ರೇಷಿಯಲ್ ಕವನೆಂಟ್ ಎಂದು ಹೆಸರು. ಇಲ್ಲಿ ಜನಾಂಗ ಷರತ್ತು ಎಂದು ಕರೆಯೋಣ.

ಈ ಷರತ್ತು ಇಂದು ನಿರ್ಜೀವ. ಯಾವ ನ್ಯಾಯಾಲಯವೂ ಇದನ್ನು ಜಾರಿ ಮಾಡುವುದಿಲ್ಲ, ನಿಮ್ಮ ಹಕ್ಕಿಗೆ ಇದರಿಂದ ಕುಂದಿಲ್ಲ. ಹಾಗಾಗಿ ಗಾಬರಿಗೂ ಅವಸರಕ್ಕೂ ಕಾರಣವಿಲ್ಲ. ಹಾಗಿದ್ದರೂ ಹುಡುಕುವುದು ಏಕೆಂದರೆ, ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೂ ಕಪ್ಪು ಜನರ ಕೈಗೆ ಆಸ್ತಿ ಸೇರದಂತೆ ಹೇಗೆ ತಡೆದರು ಎಂಬುದು ಭಾಷಣಗಳಿಗಿಂತ ಈ ನೋಂದಣಿ ಪುಸ್ತಕಗಳಲ್ಲಿ ಸ್ಪಷ್ಟವಾಗಿ, ಲಾಟ್ (ನಿವೇಶನ) ಸಂಖ್ಯೆಯ ಸಮೇತ, ಬರೆದಿದೆ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1865ರ ಜನವರಿಯಲ್ಲಿ, ಅಂತರ್ಯುದ್ಧದ ಕೊನೆಯಲ್ಲಿ, ಉತ್ತರದ ಸೇನೆಯ ಜನರಲ್ ಶೆರ್ಮನ್ ಹೊರಡಿಸಿದ ಆದೇಶದಂತೆ ದಕ್ಷಿಣದ ಕರಾವಳಿಯ ಸುಮಾರು 4 ಲಕ್ಷ ಎಕರೆ ಭೂಮಿಯನ್ನು ಬಿಡುಗಡೆಯಾದ ಗುಲಾಮರಿಗೆ 40 ಎಕರೆಯಂತೆ ಹಂಚಬೇಕಿತ್ತು. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನು ಹಳೆಯ ಯಜಮಾನರಿಗೇ ಮರಳಿಸಿದರು. 1866ರ ಕಾನೂನು ಆಸ್ತಿ ಕೊಳ್ಳುವ ಸಮಾನ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿತು, ಆದರೆ ಅದು ಹಾಳೆಯ ಮೇಲೇ ಉಳಿಯಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಪ್ಪು ಕುಟುಂಬಗಳು ನಗರಗಳಿಗೆ ವಲಸೆ ಬಂದಾಗ ಕೆಲವು ನಗರಸಭೆಗಳೇ ಜನಾಂಗದ ಲೆಕ್ಕದಲ್ಲಿ ಬೀದಿ ವಿಂಗಡಿಸಹೊರಟವು. 1917ರಲ್ಲಿ ಸುಪ್ರೀಂ ಕೋರ್ಟು ಅದು ಸಲ್ಲದು ಎಂದಿತು. ಸರ್ಕಾರ ಮಾಡಲಾಗದ್ದನ್ನು ಖಾಸಗಿ ಕ್ರಯಪತ್ರದಲ್ಲಿ ಬರೆಸುವುದು ಅಲ್ಲಿಂದಾಚೆಗೆ ಹಬ್ಬಿತು. 1926ರಲ್ಲಿ ಅದೇ ಕೋರ್ಟು ಅದಕ್ಕೆ ಅಡ್ಡಿಪಡಿಸಲಿಲ್ಲ.

ಹುಡುಕಬೇಕಾದ ಕಾಗದ ಮೂರು ಬಗೆ

ಹೊಸಬರು ಎಡವುವುದು ಇಲ್ಲೇ. ಷರತ್ತು ತಮ್ಮ ಕ್ರಯಪತ್ರದಲ್ಲಿ ಇರಬೇಕು ಎಂದುಕೊಂಡು ಅದೊಂದನ್ನೇ ಓದಿ, ಏನೂ ಇಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಮೂರು ಕಡೆ ಇರಬಹುದು, ಮೂರನ್ನೂ ಹುಡುಕುವ ದಾರಿ ಬೇರೆ ಬೇರೆ.

ಮೊದಲನೆಯದು, ಬಿಲ್ಡರನು ಮೊದಲ ಗಿರಾಕಿಗೆ ಮಾರಿದಾಗಿನ ಕ್ರಯಪತ್ರದಲ್ಲೇ ಟೈಪಾದ ಕಲಮು. ಮಿನಿಯಾಪೊಲಿಸ್‌ನಲ್ಲಿ ಇದುವರೆಗೆ ಸಿಕ್ಕಿರುವ ಅತಿ ಹಳೆಯದು 1910ರದು, ಇದೇ ಜಾತಿಯದು. ಚೀನೀ, ಜಪಾನೀ, ಮೂರ್, ತುರ್ಕಿ, ನೀಗ್ರೋ, ಮಂಗೋಲಿಯನ್, ಆಫ್ರಿಕನ್ ರಕ್ತದವರಿಗೆ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಬಾಡಿಗೆ ಕೊಡುವಂತಿಲ್ಲ ಎಂದು ಅದರಲ್ಲಿದೆ.

ಎರಡನೆಯದು, ಇಡೀ ಬಡಾವಣೆಗೆ ಒಂದೇ ಸಲ ನೋಂದಾಯಿಸಿದ ಘೋಷಣಾಪತ್ರ, ಡಿಕ್ಲರೇಷನ್ ಆಫ್ ರಿಸ್ಟ್ರಿಕ್ಷನ್ಸ್. ಬೇಲಿಯ ಎತ್ತರ, ರಸ್ತೆಯಿಂದ ಮನೆಗಿರಬೇಕಾದ ದೂರ, ಕೋಳಿ ಸಾಕಬಾರದು ಇಂಥ ಹತ್ತಾರು ನಿಯಮಗಳ ನಡುವೆ ಜನಾಂಗದ್ದೂ ಒಂದು. ಕೋಳಿಯ ಕಲಮಿನ ಪಕ್ಕದಲ್ಲೇ ಮನುಷ್ಯರ ಕಲಮು. ಓದುವಾಗ ಈ ನೆರೆಹೊರೆಯನ್ನು ಗಮನಿಸಿ.

ಮೂರನೆಯದು, ಮೊದಲೇ ಮನೆ ಕಟ್ಟಿಕೊಂಡವರು ಒಟ್ಟುಗೂಡಿ ಸಹಿ ಹಾಕಿದ ಬೀದಿ ಒಪ್ಪಂದ. ಸೇಂಟ್ ಲೂಯಿಸ್ ನಗರದ ಲಬಾಡಿ ಅವೆನ್ಯೂದ 39 ಮಾಲೀಕರಲ್ಲಿ 30 ಮಂದಿ 1911ರಲ್ಲಿ ಇಂಥದ್ದಕ್ಕೆ ಸಹಿ ಹಾಕಿದರು. ಅವಧಿ 50 ವರ್ಷ, ಹೊರಗಿಟ್ಟದ್ದು ‘ನೀಗ್ರೋ ಅಥವಾ ಮಂಗೋಲಿಯನ್’ ಜನಾಂಗವನ್ನು. 1945ರಲ್ಲಿ ಶೆಲ್ಲಿ ಎಂಬ ಕಪ್ಪು ಕುಟುಂಬ ಅಲ್ಲಿ ಮನೆ ಕೊಂಡಿತು, ನೆರೆಯವರು ದಾವೆ ಹೂಡಿದರು, 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದು ಎಂದಿತು. ಈ ಮೂರನೆಯ ಬಗೆಯೇ ಹುಡುಕಲು ಕಷ್ಟದ್ದು. ಸಹಿ ಹಾಕಿದವರ ಹೆಸರುಗಳಡಿ ಮಾತ್ರ ಸೂಚಿಯಲ್ಲಿ ಸೇರಿರುತ್ತದೆ, ಬಡಾವಣೆಯ ಹೆಸರಿನಲ್ಲಿ ಇರುವುದಿಲ್ಲ.

ವಿಳಾಸ ಬಿಡಿ, ಲಾಟ್ ಹಿಡಿಯಿರಿ

ಹಳೆಯ ನೋಂದಣಿ ಪುಸ್ತಕಗಳಿಗೆ ಮನೆ ವಿಳಾಸ ಗೊತ್ತಿಲ್ಲ. ಬೀದಿಯ ಹೆಸರು, ಮನೆ ಸಂಖ್ಯೆ ಎರಡೂ ನಡುವೆ ಬದಲಾಗಿರಬಹುದು. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಅಸೆಸರ್, ಅಂದರೆ ಆಸ್ತಿ ತೆರಿಗೆಗೆ ಬೆಲೆ ಕಟ್ಟುವ ಅಧಿಕಾರಿಯ, ಜಾಲತಾಣದಲ್ಲಿ ವಿಳಾಸ ಕೊಟ್ಟರೆ ಪಾರ್ಸೆಲ್ ಸಂಖ್ಯೆಯೂ ಲೀಗಲ್ ಡಿಸ್ಕ್ರಿಪ್ಷನ್ನೂ ಸಿಗುತ್ತವೆ. ಇಂಥ ಅಡಿಷನ್‌ನ ಇಷ್ಟನೆಯ ಬ್ಲಾಕಿನ ಇಷ್ಟನೆಯ ಲಾಟ್, ಪ್ಲ್ಯಾಟ್ (ಬಡಾವಣೆ ನಕ್ಷೆ) ಪುಸ್ತಕ ಇಂತಿಷ್ಟು, ಪುಟ ಇಂತಿಷ್ಟು ಎಂದಿರುತ್ತದೆ. ಅಸೆಸರ್ ಕೊಡುವುದು ಹಲವೆಡೆ ಮೊಟಕು ಮಾಡಿದ ವಿವರಣೆ. ಪೂರ್ತಿ ಪಾಠಕ್ಕೆ ನಿಮ್ಮ ಇತ್ತೀಚಿನ ಡೀಡ್ ನೋಡಿ, ಅಕ್ಷರ ತಪ್ಪದೆ ನಕಲು ಮಾಡಿಟ್ಟುಕೊಳ್ಳಿ. ‘ಲಾಟ್ 7ರ ಉತ್ತರದ 10 ಅಡಿ ಮತ್ತು ಲಾಟ್ 8 ಪೂರ್ತಿ’ ಎಂದಿದ್ದರೆ ಎರಡು ಲಾಟ್‌ಗಳ ಇತಿಹಾಸವನ್ನೂ ಹುಡುಕಬೇಕು. ಒಂದರಲ್ಲಿ ಷರತ್ತಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು.

ಆಮೇಲೆ ಪ್ಲ್ಯಾಟ್ ನಕ್ಷೆಯನ್ನು ತೆಗೆಸಿ. ಬಡಾವಣೆ ನೋಂದಾಯಿತವಾದ ವರ್ಷ, ಮಾಡಿದ ಕಂಪನಿಯ ಹೆಸರು ಅದರ ಮೂಲೆಯಲ್ಲಿರುತ್ತದೆ. ಈ ಎರಡು ಸಂಗತಿ ಮುಂದಿನ ಕೆಲಸವನ್ನು ಅರ್ಧಕ್ಕೆ ಇಳಿಸುತ್ತವೆ.

ಕೊಂಡಿ ಹಿಡಿದು ಹಿಂದಕ್ಕೆ

ಬೆಂಗಳೂರಿನಲ್ಲಿ ಸೈಟು ಕೊಳ್ಳುವಾಗ ಮದರ್ ಡೀಡಿನಿಂದ ಈಚಿನವರೆಗೆ ಕೊಂಡಿ ತಪ್ಪದೆ ಕಾಗದ ಕೇಳುತ್ತೇವಲ್ಲ, ಇದೂ ಅದೇ ಕೆಲಸ, ನಡೆಯುವುದು ಮಾತ್ರ ಹಿಮ್ಮುಖವಾಗಿ. ನಮ್ಮ ಇ.ಸಿ.ಯಂತೆ ಆಸ್ತಿಯ ಹೆಸರಿನಲ್ಲಿ ಒಂದೇ ಪಟ್ಟಿ ಹೆಚ್ಚಿನ ಕೌಂಟಿಗಳಲ್ಲಿ ಸಿಗುವುದಿಲ್ಲ. ಅಲ್ಲಿರುವುದು ಎರಡು ಸೂಚಿ: ಮಾರಿದವರ ಹೆಸರಿನ ಗ್ರ್ಯಾಂಟರ್ ಸೂಚಿ, ಕೊಂಡವರ ಹೆಸರಿನ ಗ್ರ್ಯಾಂಟೀ ಸೂಚಿ.

ಗ್ರ್ಯಾಂಟೀ ಸೂಚಿಯಲ್ಲಿ ನಿಮ್ಮ ಹೆಸರು ನೋಡಿ. ನಿಮಗೆ ಮಾರಿದವರು ಸಿಗುತ್ತಾರೆ. ಅವರ ಹೆಸರನ್ನು ಅದೇ ಸೂಚಿಯಲ್ಲಿ ಹಿಂದಿನ ವರ್ಷಗಳಿಗೆ ಹುಡುಕಿ. ಅವರಿಗೆ ಮಾರಿದವರು ಸಿಗುತ್ತಾರೆ. ಹೀಗೆ ಒಬ್ಬೊಬ್ಬರನ್ನೇ ಹಿಡಿದು ಬಡಾವಣೆ ಕಂಪನಿಯ ಹೆಸರು ಬರುವವರೆಗೆ ಹೋಗಬೇಕು. ಪ್ರತಿ ಕೊಂಡಿಗೂ ದಿನಾಂಕ, ದಸ್ತಾವೇಜು ಸಂಖ್ಯೆ ಅಥವಾ ಪುಸ್ತಕ-ಪುಟ, ಇಬ್ಬರ ಹೆಸರು, ಲಾಟ್-ಬ್ಲಾಕ್, ಜೊತೆಗೆ ಬೇರೆ ಯಾವುದಾದರೂ ಹಳೆಯ ದಾಖಲೆಯ ಉಲ್ಲೇಖ ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯುತ್ತ ಹೋಗಿ. ಕೊನೆಯದನ್ನು ಬರೆಯದೆ ಬಿಟ್ಟವರು ಅದೇ ಪುಸ್ತಕವನ್ನು ಮತ್ತೆ ಬಿಡಿಸಬೇಕಾಗುತ್ತದೆ.

ಆನ್‌ಲೈನ್ ಸೂಚಿ ಹಲವು ಕೌಂಟಿಗಳಲ್ಲಿ ಇತ್ತೀಚಿನ ಕೆಲವು ದಶಕಗಳದ್ದು ಮಾತ್ರ. ಅದಕ್ಕಿಂತ ಹಿಂದಿನದು ಮೈಕ್ರೋಫಿಲ್ಮಿನಲ್ಲೋ ದಪ್ಪ ಪುಸ್ತಕದಲ್ಲೋ ಇರುತ್ತದೆ, ಕೌಂಟಿಯ ನೋಂದಣಿ ಕಚೇರಿಯಾದ ರೆಕಾರ್ಡರ್ ಕಚೇರಿಗೆ ಹೋಗಿಯೇ ನೋಡಬೇಕು. ಕೊಂಡಿ ಕಡಿಯುವ ಜಾಗಗಳು ಹೆಚ್ಚುಕಡಿಮೆ ಇವು. ಮಾಲೀಕ ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದಿದ್ದರೆ ಪ್ರೊಬೇಟ್ ಕೋರ್ಟಿನ ಕಡತ ನೋಡಬೇಕು. ವಿಧವೆ ಮರುಮದುವೆಯಾಗಿ ಹೆಸರು ಬದಲಾಗಿದ್ದರೆ ಮದುವೆ ದಾಖಲೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಹರಾಜಾಗಿದ್ದರೆ ಮಾರಿದವರ ಹೆಸರಿನ ಜಾಗದಲ್ಲಿ ಶೆರಿಫ್ ಅಥವಾ ಟ್ರಸ್ಟಿ ಇರುತ್ತಾರೆ.

ಕಂಪನಿಯ ಹೆಸರು ಸಿಕ್ಕ ಮೇಲೆ ದಿಕ್ಕು ತಿರುಗಿಸಿ. ಈಗ ಗ್ರ್ಯಾಂಟರ್ ಸೂಚಿಯಲ್ಲಿ ಆ ಕಂಪನಿಯನ್ನು, ಪ್ಲ್ಯಾಟ್ ನೋಂದಾಯಿಸಿದ ವರ್ಷದಿಂದ ಆಚೆಗೆ ನಾಲ್ಕೈದು ವರ್ಷದವರೆಗೆ ನೋಡಿ. ದಸ್ತಾವೇಜಿನ ಬಗೆಯ ಅಂಕಣದಲ್ಲಿ ಡೀಡ್ ಎಂದಿರುವುದನ್ನು ಬಿಟ್ಟು ಡಿಕ್ಲರೇಷನ್, ರಿಸ್ಟ್ರಿಕ್ಷನ್ಸ್, ಅಗ್ರಿಮೆಂಟ್ ಎಂದಿರುವುದನ್ನು ಮೊದಲು ತೆರೆಯಿರಿ. ಎರಡನೆಯ ಬಗೆಯ ಷರತ್ತು ಇಲ್ಲಿ ಸಿಗುತ್ತದೆ. ಬೀದಿ ಒಪ್ಪಂದಕ್ಕಾದರೆ, 1910ರಿಂದ 1948ರ ನಡುವೆ ಮನೆಯ ಮಾಲೀಕರಾಗಿದ್ದ ಒಬ್ಬೊಬ್ಬರ ಹೆಸರನ್ನೂ ಗ್ರ್ಯಾಂಟರ್ ಸೂಚಿಯಲ್ಲಿ ಹುಡುಕಿ ಅಗ್ರಿಮೆಂಟ್ ಇದೆಯೇ ನೋಡಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಮಿನಿಯಾಪೊಲಿಸ್ ಅಥವಾ ಸಿಯಾಟಲ್ ಸುತ್ತ ಇರುವವರ ಅದೃಷ್ಟ ಚೆನ್ನಾಗಿದೆ. ಮಿನೆಸೋಟ ವಿಶ್ವವಿದ್ಯಾಲಯದ ಮ್ಯಾಪಿಂಗ್ ಪ್ರೆಜುಡಿಸ್ ತಂಡ 2016ರಿಂದ ಕೌಂಟಿಯ ಡೀಡ್‌ಗಳನ್ನು ಯಂತ್ರದಿಂದ ಓದಿಸಿ, ಸ್ವಯಂಸೇವಕರಿಂದ ಪರಿಶೀಲಿಸಿ ನಕ್ಷೆ ಮಾಡಿದೆ. ವಾಷಿಂಗ್ಟನ್ ರಾಜ್ಯ 2021ರ ಕಾನೂನಿನಿಂದ ಇದೇ ಕೆಲಸವನ್ನು ವಿಶ್ವವಿದ್ಯಾಲಯಗಳಿಗೆ ವಹಿಸಿತು. ಇವರ ನಕ್ಷೆಯಲ್ಲಿ ಮೊದಲು ನೋಡಿ, ಆಮೇಲೆ ಪುಸ್ತಕ ಬಿಡಿಸಿ.

ಟೈಟಲ್ ರಿಪೋರ್ಟು ಕೊಡುವ ಸುಳಿವು, ಕೊಡುವ ಮೋಸ

ಮನೆ ಕೊಳ್ಳುವಾಗ ಬಂದ ಪ್ರಿಲಿಮಿನರಿ ಟೈಟಲ್ ರಿಪೋರ್ಟಿನ (ಆಸ್ತಿ ಹಕ್ಕಿನ ತಪಾಸಣೆ ವರದಿ) ಎಕ್ಸೆಪ್ಷನ್ ಪಟ್ಟಿ ಅಡ್ಡದಾರಿಯಂತೆ ನೆರವಾಗುತ್ತದೆ. ಇಂಥ ಪುಸ್ತಕ, ಇಂಥ ಪುಟದ ಷರತ್ತುಗಳು ಅನ್ವಯಿಸುತ್ತವೆ, ‘ಆದರೆ ಜನಾಂಗ, ಬಣ್ಣ, ಧರ್ಮ ಆಧರಿಸಿದ ಷರತ್ತುಗಳನ್ನು ಬಿಟ್ಟು’ ಎಂಬ ವಾಕ್ಯ ಅಲ್ಲಿರುತ್ತದೆ. ಇದನ್ನು ಓದಿ, ಹಾಗಾದರೆ ನಮ್ಮ ಮನೆಗೆ ಜನಾಂಗ ಷರತ್ತು ಇದೆ ಎಂದು ತೀರ್ಮಾನಿಸಬೇಡಿ. ಅದು ಎಲ್ಲದಕ್ಕೂ ಅಂಟಿಸುವ ಅಚ್ಚಿನ ವಾಕ್ಯ. ಕ್ಯಾಲಿಫೋರ್ನಿಯಾದಲ್ಲಿ ಇಂಥ ದಾಖಲೆಯ ನಕಲಿನ ಮುಖಪುಟದಲ್ಲಿ ಇದೇ ಅರ್ಥದ ಮುದ್ರೆಯೂ ಇರುತ್ತದೆ, ಅದೂ ಪುರಾವೆಯಲ್ಲ. ಪುಸ್ತಕ-ಪುಟದ ಸಂಖ್ಯೆ ಮಾತ್ರ ಇಲ್ಲಿ ಬೆಲೆಬಾಳುವುದು. ಖರೀದಿಯ ಹಣ, ಕಾಗದ ನೋಡಿಕೊಳ್ಳುವ ಎಸ್ಕ್ರೋ ಅಧಿಕಾರಿಗೆ ಆ ದಾಖಲೆಯ ಪೂರ್ತಿ ಪ್ರತಿ ಕಳಿಸಿ ಎಂದು ಇಮೇಲ್ ಬರೆದರೆ ಸಾಮಾನ್ಯವಾಗಿ ಕಳಿಸುತ್ತಾರೆ. ಮನೆ ಕೊಳ್ಳುವ ಹಂತದಲ್ಲೇ ಕೇಳಿ, ಕ್ಲೋಸಿಂಗ್ ಆದ ಮೇಲೆ ಉತ್ತರ ನಿಧಾನ.

ನಿಮ್ಮ ಡೀಡಿನ ಪ್ರತಿ ಬೇಕಾದರೆ ಹಣ ಕಳಿಸಿ ಎಂದು ಸರ್ಕಾರಿ ಕಾಗದದಂತೆ ಕಾಣುವ ಅಂಚೆ ಬರುತ್ತದೆ. ಕಳಿಸಬೇಡಿ, ಅದೇ ಪ್ರತಿಯನ್ನು ಕೌಂಟಿ ಕಚೇರಿ ಚಿಲ್ಲರೆ ಹಣಕ್ಕೆ ಕೊಡುತ್ತದೆ.

ಹಳೆಯ ಕಾಗದ ಓದುವ ಬಗೆ

ಆ ಕಾಲದ ಪ್ರತಿಗಳು ಬಹಳಷ್ಟು ಫೋಟೊಸ್ಟ್ಯಾಟ್, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವ ಮೊದಲು ಚಿತ್ರದ ಬಣ್ಣ ತಿರುಗುಮುರುಗು ಮಾಡಿ, ಇಲ್ಲದಿದ್ದರೆ ಅದು ತಪ್ಪಾಗಿ ಓದಬಹುದು. 1920ಕ್ಕಿಂತ ಹಿಂದಿನ ಕೈಬರಹವಾದರೆ ತಂತ್ರಾಂಶದ ಆಸೆ ಬಿಟ್ಟು ಕಣ್ಣಿನಿಂದಲೇ ಓದಿ.

ಯಾವ ಪದ ಹುಡುಕಬೇಕು ಎಂಬುದರಲ್ಲಿ ಜಾಣತನ ಬೇಕು. ‘ರೇಸ್’ ಎಂದು ಹುಡುಕಿದರೆ ಟೆರೇಸ್, ಟ್ರೇಸ್ ಎಲ್ಲ ಬಂದು ತುಂಬುತ್ತವೆ, ಏಕೆಂದರೆ ಇಂಗ್ಲಿಷ್ ಕಾಗುಣಿತದಲ್ಲಿ ಅವುಗಳೊಳಗೆ ಅದು ಅಡಗಿದೆ. ‘ವೈಟ್’ ಎಂದರೆ ಆ ಹೆಸರಿನ ಮಾಲೀಕರೆಲ್ಲ ಎದ್ದು ಬರುತ್ತಾರೆ. ‘ಕಕೇಶಿಯನ್’ ಪದವನ್ನು ಅಂದಿನ ಟೈಪಿಸ್ಟರೇ ಬಗೆಬಗೆಯಾಗಿ ತಪ್ಪು ಬರೆದಿದ್ದಾರೆ, ಸಾಲಿನ ಕೊನೆಯಲ್ಲಿ ಮುರಿದೂ ಇರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಸಿಕ್ಕಿಬೀಳುವ ಪದ ‘ಸರ್ವೆಂಟ್’ ಅಥವಾ ‘ಡೊಮೆಸ್ಟಿಕ್’.

ಅದೇಕೆ ಎಂದರೆ, ಷರತ್ತುಗಳಲ್ಲಿ ಬಹಳಷ್ಟಕ್ಕೆ ಒಂದು ಬಾಲವಿರುತ್ತದೆ: ಮಾಲೀಕರ ಮನೆಯಲ್ಲಿ ಕೆಲಸಕ್ಕಿರುವ ಬೇರೆ ಜನಾಂಗದ ಆಳುಗಳಿಗೆ ಇದು ಅನ್ವಯಿಸದು. ಅಡುಗೆಯವಳಾಗಿ, ಡ್ರೈವರನಾಗಿ ಅದೇ ಸೂರಿನಡಿ ಮಲಗಬಹುದು, ಮನೆ ಕೊಳ್ಳುವಂತಿಲ್ಲ. ಪಕ್ಕದಲ್ಲಿ ಕಪ್ಪು ಜನ ಇರಬಾರದು ಎನ್ನುವುದಷ್ಟೇ ಇದರ ಉದ್ದೇಶ ಎಂದು ತಿಳಿದವರು ಈ ಬಾಲವನ್ನು ಎರಡು ಸಲ ಓದಬೇಕು. ಯಜಮಾನ ಮತ್ತು ಆಳು ಎಂಬ ಹಳೆಯ ಸಂಬಂಧಕ್ಕೆ ಇಲ್ಲಿ ಜಾಗವಿದೆ, ನೆರೆಹೊರೆಯ ಸಂಬಂಧಕ್ಕೆ ಇಲ್ಲ.

ಹೊರಗಿಡುವ ಪಟ್ಟಿಯ ಪದಗಳಿಗೆ ಇಂದಿನ ಅರ್ಥ ಹಚ್ಚಬೇಡಿ. ‘ಇಥಿಯೋಪಿಯನ್’ ಎಂದರೆ ಇಥಿಯೋಪಿಯ ದೇಶದವರಲ್ಲ, ಆಫ್ರಿಕನ್ ಮೂಲದವರೆಲ್ಲ. ‘ಮಲಯ್’ ಎಂದರೆ ಮುಖ್ಯವಾಗಿ ಫಿಲಿಪ್ಪೀನ್ಸ್‌ನವರು. ‘ಹೀಬ್ರೂ’, ‘ಸೆಮಿಟಿಕ್’ ಎಂದರೆ ಯಹೂದಿಗಳು. ‘ಏಷಿಯಾಟಿಕ್’ನಲ್ಲಿ ನಾವೂ ಬರುತ್ತೇವೆ. ಪಶ್ಚಿಮ ಕರಾವಳಿಯ ಕೆಲವು ಪತ್ರಗಳಲ್ಲಿ ನೇರವಾಗಿ ‘ಹಿಂದೂ’ ಎಂದೇ ಇರುತ್ತದೆ. ಅದು ಧರ್ಮದ ಮಾತಲ್ಲ, ಆಗ ಭಾರತದಿಂದ ಬಂದ ಸಿಖ್ಖರನ್ನೂ ಮುಸ್ಲಿಮರನ್ನೂ ಹಿಂದೂ ಎಂದೇ ಕರೆಯುತ್ತಿದ್ದರು. 1923ರಲ್ಲಿ ಸಿಖ್ಖರಾದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. 1946ರವರೆಗೆ ಅದೇ ನಡೆಯಿತು. ಇಷ್ಟಾದರೂ ಇದನ್ನು ನಮ್ಮದೇ ಕಥೆ ಮಾಡಿಕೊಳ್ಳುವುದು ತಪ್ಪು. ಉಳಿದ ಹೆಸರುಗಳು ಊರಿಗೆ ತಕ್ಕಂತೆ ಸೇರುತ್ತವೆ, ಬಿಡುತ್ತವೆ. ಕಪ್ಪು ಜನರ ಹೆಸರು ಮಾತ್ರ ಹೆಚ್ಚುಕಡಿಮೆ ಎಲ್ಲ ಪಟ್ಟಿಯಲ್ಲೂ ಇರುತ್ತದೆ.

ಆಮೇಲೆ ಅವಧಿ ಮತ್ತು ದಂಡನೆ ನೋಡಿ. ಕೆಲವು 25 ವರ್ಷಕ್ಕೆ ಮುಗಿದು ತಾವಾಗಿ ನವೀಕರಣಗೊಳ್ಳುತ್ತವೆ, ಕೆಲವು ‘ಎಂದೆಂದಿಗೂ’ ಎನ್ನುತ್ತವೆ. ಷರತ್ತು ಮುರಿದರೆ ಭೂಮಿ ಮೊದಲು ಮಾರಿದವನಿಗೇ ಮರಳುತ್ತದೆ ಎಂಬ ಕಲಮು ಕೆಲವದರಲ್ಲಿ, ಬಡಾವಣೆಯ ಯಾರು ಬೇಕಾದರೂ ದಾವೆ ಹೂಡಬಹುದು ಎಂಬುದು ಇನ್ನು ಕೆಲವದರಲ್ಲಿ. ಎರಡನೆಯದು ಹೆಚ್ಚು ಹರಿತ, ಏಕೆಂದರೆ ಕಾವಲಿಗೆ ಇಡೀ ಬೀದಿ ನಿಲ್ಲುತ್ತದೆ.

ದಿನಾಂಕವೂ ಒಂದು ಕಥೆ ಹೇಳುತ್ತದೆ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ (ಎಫ್‌ಎಚ್‌ಎ) ಎಂಬ ಸರ್ಕಾರಿ ಸಂಸ್ಥೆ ಗೃಹಸಾಲಕ್ಕೆ ವಿಮೆ ಕೊಡುತ್ತಿತ್ತು. ಅದರ 1930ರ ದಶಕದ ಕೈಪಿಡಿಯೇ ಜನಾಂಗ ಷರತ್ತನ್ನು ಶಿಫಾರಸು ಮಾಡುತ್ತಿತ್ತು. ಹಾಗಾಗಿ ಅಲ್ಲಿಂದಾಚೆಯ ಷರತ್ತನ್ನು ಬಿಲ್ಡರನ ದ್ವೇಷ ಎಂದಷ್ಟೇ ಓದುವುದು ಸಾಲದು, ಸಾಲ ಸುಲಭವಾಗಿ ಸಿಗಲಿ ಎಂಬ ಲೆಕ್ಕವೂ ಅದರಲ್ಲಿದೆ. 1948ರ ತೀರ್ಪಿನ ನಂತರವೂ ಆ ಸಂಸ್ಥೆ ನಿಧಾನಿಸಿತು. 1950ರ ಫೆಬ್ರವರಿ 15ರ ನಂತರ ನೋಂದಾಯಿಸಿದ ಷರತ್ತಿರುವ ಮನೆಗೆ ಮಾತ್ರ ವಿಮೆ ಇಲ್ಲ ಎಂದಿತು. 1949ರ ಕೊನೆಯ, 1950ರ ಮೊದಲ ವಾರಗಳ ದಿನಾಂಕ ಕಂಡರೆ ಗಡುವಿಗೆ ಮೊದಲು ನೋಂದಾಯಿಸಿದ್ದೇ ಎಂದು ಗಮನಿಸಿ.

ಇನ್ನೊಂದು ಬಲೆ: 1950ರ ನಂತರದ ಹೆಚ್ಚಿನ ಡೀಡ್‌ಗಳು ಷರತ್ತನ್ನು ಮತ್ತೆ ಬರೆಯುವುದಿಲ್ಲ. ‘ದಾಖಲೆಯಲ್ಲಿರುವ ನಿರ್ಬಂಧಗಳಿಗೆ ಒಳಪಟ್ಟು’ ಎಂದು ಒಂದು ಸಾಲು ಹಾಕಿ ಮುಗಿಸುತ್ತವೆ. ಅಲ್ಲಿಗೇ ನಿಂತವರಿಗೆ ಏನೂ ಸಿಗುವುದಿಲ್ಲ.

ಸಿಗಲಿಲ್ಲ ಎಂದರೆ

ಷರತ್ತು ಇಲ್ಲದ ಬೀದಿ ಎಲ್ಲರಿಗೂ ತೆರೆದಿತ್ತು ಎಂದಲ್ಲ. ರಿಯಲ್ ಎಸ್ಟೇಟ್ ಮಂಡಳಿಗಳ ರಾಷ್ಟ್ರೀಯ ಸಂಘ 1924ರ ತನ್ನ ನೀತಿಸಂಹಿತೆಯಲ್ಲೇ, ಆಸ್ತಿಯ ಬೆಲೆ ಕುಗ್ಗಿಸುವಂಥ ಜನಾಂಗದವರನ್ನು ಬಡಾವಣೆಗೆ ಕರೆತರುವುದು ಏಜೆಂಟರಿಗೆ ಸಲ್ಲದು ಎಂದು ಬರೆದಿತ್ತು. ಏಜೆಂಟ್ ಮನೆ ತೋರಿಸದಿದ್ದರೆ, ಬ್ಯಾಂಕು ಸಾಲ ಕೊಡದಿದ್ದರೆ ಕಾಗದದ ಷರತ್ತಿನ ಅಗತ್ಯವೇ ಇಲ್ಲ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರಿ ಖಾತರಿಯ ಸಾಲ ಬಂದಾಗ, 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳ ಸಮೀಕ್ಷೆಯಲ್ಲಿ ಅಂಥ 3,229 ಸಾಲಗಳ ಪೈಕಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು 2.

ಸಿಲಿಕಾನ್ ವ್ಯಾಲಿಯಲ್ಲಿ ಇರುವವರಿಗೆ ಹತ್ತಿರದ ಉದಾಹರಣೆ ಮಿಲ್ಪಿಟಾಸ್. 1955ರಲ್ಲಿ ಫೋರ್ಡ್ ಕಂಪನಿ ರಿಚ್ಮಂಡ್‌ನ ಕಾರ್ಖಾನೆಯನ್ನು ಅಲ್ಲಿಗೆ ಸಾಗಿಸಿತು. ಬಿಳಿ ಕೆಲಸಗಾರರು ಸುತ್ತಲಿನ ಹೊಸ ಬಡಾವಣೆಗಳಲ್ಲಿ ಮನೆ ಕೊಂಡರು. ಕಪ್ಪು ಕೆಲಸಗಾರರಿಗೆ ಮಾರುವವರು ಸಿಗದೆ, ಬಹಳ ಮಂದಿ ರಿಚ್ಮಂಡ್‌ನಿಂದಲೇ ದಿನಾ ಓಡಾಡಿದರು. ಕಾರ್ಮಿಕ ಸಂಘ ಹಟ ಹಿಡಿದು ಸನ್ನಿಹಿಲ್ಸ್ ಎಂಬ ಎಲ್ಲರ ಬಡಾವಣೆ ಮಾಡಿಸಬೇಕಾಯಿತು. ಆ ಕಾರ್ಖಾನೆಯ ಕಟ್ಟಡವೇ ಇಂದಿನ ಗ್ರೇಟ್ ಮಾಲ್. ಅಲ್ಲಿಯ ಕ್ಯುಪರ್ಟಿನೊ, ಫ್ರೀಮಾಂಟ್, ಸಿಯಾಟಲ್ ಬಳಿಯ ಬೆಲ್ವ್ಯೂ ಮೂರೂ ನಗರವಾದದ್ದು 1953ರಿಂದ 1956ರೊಳಗೆ, ಷರತ್ತಿನ ಕಾಲ ಮುಗಿದ ಮೇಲೆ, ಹಾಗಾಗಿ ಅಲ್ಲಿ ಕಾಗದದ ಷರತ್ತು ಸಿಗದಿರಬಹುದು. 1964ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ವಸತಿ ತಾರತಮ್ಯ ತಡೆಯುವ ಕಾನೂನನ್ನೇ ರದ್ದುಮಾಡಿದ್ದರು. ಸುಪ್ರೀಂ ಕೋರ್ಟು ಅದನ್ನು 1967ರಲ್ಲಿ ತಳ್ಳಿಹಾಕಿತು. ಫೇರ್ ಹೌಸಿಂಗ್ ಆ್ಯಕ್ಟ್ ಬಂದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ. ಅದೇ ಜೂನಿನಲ್ಲಿ ಸುಪ್ರೀಂ ಕೋರ್ಟು 1866ರ ಕಾನೂನಿಗೆ ಮರುಜೀವ ಕೊಟ್ಟು, ಮೈಬಣ್ಣ ನೋಡಿ ಆಸ್ತಿ ನಿರಾಕರಿಸುವುದು ಗುಲಾಮಗಿರಿಯ ಪಳೆಯುಳಿಕೆ ಎಂದಿತು. 1965ರ ವಲಸೆ ಕಾನೂನಿನಿಂದ ಬಂದ ನಮ್ಮ ಮೊದಲ ಪೀಳಿಗೆ ಕೊಂಡ ಮನೆಗಳ ಬಾಗಿಲು ತೆರೆದದ್ದು ಕಪ್ಪು ಕುಟುಂಬಗಳು ಹೋರಾಡಿದ ಈ ದಾವೆಗಳು.

ಷಿಕಾಗೋದಂಥ ನಗರದಲ್ಲಿ ಹುಡುಕುವವರು ಕೊಂಡಿಯಲ್ಲಿನ ಅಂತರವನ್ನೇ ಓದಲು ಕಲಿಯಬೇಕು. ಬ್ಯಾಂಕ್ ಸಾಲ ಸಿಗದ ಕಪ್ಪು ಕುಟುಂಬಗಳು ಅಲ್ಲಿ ಕಂತಿನ ಕರಾರಿನ ಮೇಲೆ ಮನೆ ಕೊಳ್ಳುತ್ತಿದ್ದವು. ಕೊನೆಯ ಕಂತಿನವರೆಗೆ ಡೀಡ್ ಮಾರಿದವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ಇಂಥ ಕರಾರುಗಳು ಬಹಳಷ್ಟು ನೋಂದಣಿಯೇ ಆಗುತ್ತಿರಲಿಲ್ಲ. ಆದ್ದರಿಂದ ಎಂಟು ವರ್ಷ ಹಣ ಕಟ್ಟಿದ ಕುಟುಂಬ ಸೂಚಿಯಲ್ಲಿ ಎಲ್ಲೂ ಕಾಣುವುದಿಲ್ಲ. 1950ರ ದಶಕದಲ್ಲಿ ಒಂದೇ ಹೆಸರಿನಲ್ಲಿ ಹತ್ತಾರು ಮನೆ ನಿಂತಿದ್ದು, ಜನಗಣತಿ ಅಥವಾ ನಗರ ಡೈರೆಕ್ಟರಿಯಲ್ಲಿ ಬೇರೆಯವರು ವಾಸವಿದ್ದರೆ ಅದು ಬಾಡಿಗೆಯೋ ಕರಾರೋ ಎಂದು ವಿಚಾರಿಸಬೇಕು.

ಬಣ್ಣದ ನಕ್ಷೆಯನ್ನು ಅಳತೆ ಮೀರಿ ನಂಬಬೇಡಿ

ವರ್ಜೀನಿಯಾದ ರಿಚ್ಮಂಡ್ ವಿಶ್ವವಿದ್ಯಾಲಯದ ಮ್ಯಾಪಿಂಗ್ ಇನ್‌ಇಕ್ವಾಲಿಟಿ ಜಾಲತಾಣದಲ್ಲಿ 1930ರ ದಶಕದ, ಗೃಹಸಾಲದ ಸರ್ಕಾರಿ ನಿಗಮವಾದ ಎಚ್‌ಒಎಲ್‌ಸಿ ನಕ್ಷೆಗಳಿವೆ. ಹಸಿರು ಎ, ನೀಲಿ ಬಿ, ಹಳದಿ ಸಿ, ಕೆಂಪು ಡಿ, ಸಾಲಕ್ಕೆ ಸುರಕ್ಷಿತದಿಂದ ಅಪಾಯದವರೆಗೆ. ರೆಡ್‌ಲೈನಿಂಗ್ (ಪ್ರದೇಶ ನೋಡಿ ಸಾಲ ನಿರಾಕರಿಸುವುದು) ಎಂಬ ಮಾತಿಗೆ ಇಂದು ಎಲ್ಲರೂ ತೋರಿಸುವುದು ಈ ಕೆಂಪನ್ನೇ. ಬಣ್ಣ ನೋಡಿ ಮುಗಿಸಬೇಡಿ, ಪ್ರದೇಶದ ಮೇಲೆ ಒತ್ತಿ ಅದರ ಸಮೀಕ್ಷೆಯ ನಮೂನೆ ತೆರೆಯಿರಿ. ನಿವಾಸಿಗಳ ಅಂಕಣದಲ್ಲಿ ವಿದೇಶಿ ಮೂಲದವರು ಎಷ್ಟು, ನೀಗ್ರೋ ಎಷ್ಟು, ಯಾರು ‘ನುಸುಳುತ್ತಿದ್ದಾರೆ’ ಎಂಬ ಚೌಕಗಳಿವೆ. ಅದನ್ನು ತುಂಬಿದ ಭಾಷೆಯೇ ನಿಜವಾದ ದಾಖಲೆ. ಆದರೆ ಕೆಂಪು ಪ್ರದೇಶಗಳಲ್ಲಿ ಬಡ ಬಿಳಿಯರೂ ಬಹಳ ಮಂದಿ ಇದ್ದರು, ಈ ನಕ್ಷೆಗಳು ಎಲ್ಲ ಬ್ಯಾಂಕುಗಳ ಮೇಜಿನ ಮೇಲೂ ಇರಲಿಲ್ಲ. ಸಾಲದ ಬಾಗಿಲು ಮುಚ್ಚಿದ್ದರಲ್ಲಿ ಎಫ್‌ಎಚ್‌ಎ ವಿಮೆಯ ನಿಯಮಗಳ ಕೈ ಹೆಚ್ಚು ದೊಡ್ಡದು. ನಕ್ಷೆಯ ಹೊರಗಿರುವ ಉಪನಗರ ಆಗ ಸಮೀಕ್ಷೆಗೆ ಸೇರಿರಲಿಲ್ಲ ಎಂದಷ್ಟೇ ಅರ್ಥ.

ಜನಗಣತಿಯಲ್ಲಿ ಮನೆಯೊಳಗೆ ಇಣುಕುವುದು

ಅಮೆರಿಕದ ಜನಗಣತಿಯ ಹೆಸರುಪಟ್ಟಿ 72 ವರ್ಷಗಳ ನಂತರ ಬಿಡುಗಡೆಯಾಗುತ್ತದೆ. ಈಗ 1950ರವರೆಗೂ ಉಚಿತವಾಗಿ ಸಿಗುತ್ತದೆ. ವಿಳಾಸದಿಂದ ಎಣಿಕೆ ಜಿಲ್ಲೆಯ ಸಂಖ್ಯೆ ಕಂಡುಕೊಂಡು ಆ ಹಾಳೆಗಳನ್ನು ತಿರುವಬೇಕು. 1940ರ ಹಾಳೆ ಹೆಚ್ಚು ಉಪಯೋಗ: 4ನೆಯ ಅಂಕಣ ಸ್ವಂತವೋ ಬಾಡಿಗೆಯೋ, 5ನೆಯದು ಮನೆಯ ಬೆಲೆ ಅಥವಾ ತಿಂಗಳ ಬಾಡಿಗೆ, 8ನೆಯದು ಯಜಮಾನನ ಜೊತೆಗಿನ ಸಂಬಂಧ, 10ನೆಯದು ಬಣ್ಣ ಅಥವಾ ಜನಾಂಗ. ಷರತ್ತಿರುವ ಬೀದಿಯ ಹಾಳೆಯಲ್ಲಿ 10ನೆಯ ಅಂಕಣ ಉದ್ದಕ್ಕೂ ಬಿಳಿಯ ಗುರುತೇ ಇದ್ದು ನಡುವೆ ಒಂದೆಡೆ ನೀಗ್ರೋ ಎಂಬ ಗುರುತು ಬಂದರೆ 8ನೆಯ ಅಂಕಣಕ್ಕೆ ಹೋಗಿ. ಸಂಬಂಧದ ಜಾಗದಲ್ಲಿ ‘ಸರ್ವೆಂಟ್’, ‘ಮೇಡ್’ ಎಂದಿದ್ದರೆ ಷರತ್ತಿನ ಬಾಲ ಹೇಳಿದ ವ್ಯಕ್ತಿ ಅವರೇ, ಹೆಸರು ಮತ್ತು ವಯಸ್ಸಿನ ಸಮೇತ.

ತೆಗೆಸುವುದು

ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ರಿಸ್ಟ್ರಿಕ್ಟಿವ್ ಕವನೆಂಟ್ ಮಾಡಿಫಿಕೇಷನ್ ಎಂಬ ನಮೂನೆ ತುಂಬಿ, ಮೂಲ ದಾಖಲೆಯ ಪ್ರತಿಯಲ್ಲಿ ಅಕ್ರಮ ಪದಗಳ ಮೇಲೆ ಗೆರೆ ಎಳೆದು ಕೌಂಟಿ ರೆಕಾರ್ಡರ್‌ಗೆ ಕೊಡಬೇಕು. ಶುಲ್ಕವಿಲ್ಲ. ಕೌಂಟಿಯ ವಕೀಲರು 3 ತಿಂಗಳೊಳಗೆ ಪರಿಶೀಲಿಸುತ್ತಾರೆ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ, ಸದಸ್ಯರ ಮತ ಕೇಳದೆ ಮಂಡಳಿಯೇ ಅದನ್ನು ತೆಗೆಯಬೇಕೆಂದು ಕಾನೂನಿದೆ. ಮಿನೆಸೋಟದಲ್ಲಿ 2019ರಿಂದ, ಮೂಲವನ್ನು ಮುಟ್ಟದೆ ಅದರ ಮೇಲೊಂದು ಡಿಸ್ಚಾರ್ಜ್ ಪತ್ರ ನೋಂದಾಯಿಸುವ ಏರ್ಪಾಡಿದೆ. ವಾಷಿಂಗ್ಟನ್‌ನಲ್ಲಿ ತಿದ್ದುಪಡಿ ಪತ್ರವನ್ನು ಕೌಂಟಿ ಆಡಿಟರ್ ಬಳಿ ಉಚಿತವಾಗಿ ನೋಂದಾಯಿಸಬಹುದು.

ಅರ್ಜಿ ವಾಪಸ್ ಬರುವ ಕಾರಣಗಳು ನಾಲ್ಕೈದೇ. ಲೀಗಲ್ ಡಿಸ್ಕ್ರಿಪ್ಷನ್ ಬದಲು ವಿಳಾಸ ಬರೆದಿರುವುದು. ಮೂಲ ದಾಖಲೆಯ ಪುಸ್ತಕ-ಪುಟ ಬಿಟ್ಟಿರುವುದು. ಜನಾಂಗದ ಪದಗಳಿಗಷ್ಟೇ ನಿಲ್ಲದೆ ಬೇಲಿ, ರಸ್ತೆಯಿಂದ ದೂರದ ಸೆಟ್‌ಬ್ಯಾಕ್ ಕಲಮುಗಳಿಗೂ ಗೆರೆ ಎಳೆದಿರುವುದು. ಅವು ಇನ್ನೂ ಜೀವಂತ, ಅಳಿಸುವಂತಿಲ್ಲ. ಸಹಿಗೆ ನೋಟರಿ ಇಲ್ಲದಿರುವುದು. ಕೊನೆಯದು ನಮ್ಮವರಿಗೇ ವಿಶೇಷ: ಹೆಸರು. ಡೀಡಿನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದು, ಡ್ರೈವಿಂಗ್ ಲೈಸನ್ಸಿನಲ್ಲಿ ಬರೀ ಇನಿಷಿಯಲ್ ಇದ್ದರೆ ನೋಟರಿ ಒಪ್ಪದಿರಬಹುದು. ಒಂದೇ ಹೆಸರಿನ ಪಾಸ್‌ಪೋರ್ಟಿನಿಂದಾಗಿ ಡೀಡಿನಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷೇಪ) ಸೇರಿಕೊಂಡಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಡೀಡಿನಲ್ಲಿ ಹೇಗಿದೆಯೋ ಹಾಗೆ, ಪಕ್ಕದಲ್ಲಿ ‘ಹೀಗೂ ಕರೆಯಲ್ಪಡುವ’ ಎಂದು ಇನ್ನೊಂದು ರೂಪ.

ಅರ್ಜಿ ಕೊಡುವ ಮೊದಲು ಮೂಲ ದಾಖಲೆಯ ಪ್ರಮಾಣಿತ ಪ್ರತಿ ತೆಗೆದಿಟ್ಟುಕೊಳ್ಳಿ. ಗೆರೆ ಎಳೆದ ಪ್ರತಿಯಷ್ಟೇ ಮುಂದಿನವರಿಗೆ ಸಿಕ್ಕರೆ ಇಲ್ಲಿ ಏನು ನಡೆದಿತ್ತು ಎಂಬುದು ಗೊತ್ತಾಗುವುದಿಲ್ಲ. ಮಿನೆಸೋಟದ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ: ಷರತ್ತು ಸತ್ತಿದೆ ಎಂದೂ ಬರೆದಿದೆ, ಇತ್ತು ಎಂಬುದೂ ಉಳಿದಿದೆ.

ತೆಗೆಸಿದರೆ ನಿಮ್ಮ ಕಾಗದ ಚೊಕ್ಕಟವಾಗುತ್ತದೆ, ಅಂದು ಹೊರಗುಳಿದ ಕುಟುಂಬಕ್ಕೆ ಏನೂ ಸಿಗುವುದಿಲ್ಲ. ಮಿನಿಯಾಪೊಲಿಸ್‌ನ ಒಂದು ಅಧ್ಯಯನದಂತೆ ಷರತ್ತಿದ್ದ ಮನೆಗಳ ಇಂದಿನ ಬೆಲೆ ಇಲ್ಲದವಕ್ಕಿಂತ ಸುಮಾರು ಶೇ 15 ಹೆಚ್ಚು. 2022ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ಬಿಳಿ ಕುಟುಂಬದ ಮಧ್ಯಮಾಂಕ ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಈ ಲೆಕ್ಕವನ್ನು ಹಣದಲ್ಲಿ ಮುಟ್ಟಲು ಹೊರಟ ರಾಜ್ಯ ವಾಷಿಂಗ್ಟನ್. 2023ರ ಕಾನೂನಿನಂತೆ ಮೊದಲ ಮನೆ ಕೊಳ್ಳುವವರ ಮುಂಗಡಕ್ಕೆ ಅದು ನೆರವಿನ ಸಾಲ ಕೊಡುತ್ತದೆ. ಅರ್ಹ ಗುಂಪುಗಳಲ್ಲಿ ಕಪ್ಪು ಜನರ ಜೊತೆಗೆ ಭಾರತೀಯ ಮೂಲದವರ ಹೆಸರೂ ಇದೆ ಎಂದು ಕೇಳಿ ಅರ್ಜಿ ಹಾಕಲು ಓಡಬೇಡಿ: 1968ರ ಏಪ್ರಿಲ್‌ಗಿಂತ ಮೊದಲು ಅರ್ಜಿದಾರರೋ ಅವರ ತಂದೆತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿಯರೋ ಆ ರಾಜ್ಯದಲ್ಲಿ ವಾಸವಿದ್ದಿರಬೇಕು, ಆದಾಯದ ಮಿತಿಯೂ ಇದೆ. ಸಾಫ್ಟ್‌ವೇರ್ ಕೆಲಸಕ್ಕೆ ಬಂದವರಿಗೆ ಇದು ಅನ್ವಯಿಸದು. ಆದರೆ ನಿಧಿ ಸೇರುವುದು ದಸ್ತಾವೇಜು ನೋಂದಣಿಯ ಮೇಲೆ ಹಾಕಿದ 100 ಡಾಲರ್ ಶುಲ್ಕದಿಂದ. ರೆಡ್ಮಂಡ್‌ನಲ್ಲಿ ಮನೆ ಕೊಂಡಿದ್ದರೆ ನಿಮ್ಮ ಕ್ಲೋಸಿಂಗ್ ಲೆಕ್ಕದ ರೆಕಾರ್ಡಿಂಗ್ ಫೀ ಸಾಲಿನಲ್ಲಿ ಅದು ಸೇರಿರುತ್ತದೆ, ನೋಡಿ.